ಪಾಳಿ ತಪ್ಪಿದ ಭಾನುವಾರ

ಯಾವುದೇ ಕೆಲಸದ ಗತಿ ಅದರ ಆರಂಭದಲ್ಲೇ ತೀರ್ಮಾನವಾಗಿರುತ್ತದೆ ಎಂದು ತಿಳಿದವರು ಗಂಭೀರವಾಗಿ ಹೇಳುತ್ತಾರೆ. ಅವರು ನಮ್ಮ ದೊಡ್ಡಪ್ಪನ ಜೊತೆ ಚದುರಂಗ ಆಡಿದವರಲ್ಲ. ದೊಡ್ಡಪ್ಪ ಬದುಕಿದ್ದ ತನಕ ಒಂದೇ ಆರಂಭ ಆಡಿದ. ಆ ಒಂದೇ ಆರಂಭದಿಂದ ಗೆದ್ದ, ಸೋತ, ಕೆಲವು ಸಲ ಆಟದ ನಡುವೆ ಗೋಡೆಗೆ ಒರಗಿ ನಿದ್ದೆಯನ್ನೂ ಮಾಡಿದ. ನಾನು ಮುಂದೆ ಗಣಿತದ ಶಿಕ್ಷಕಿಯಾಗಿ, ಸಂಬಳದಲ್ಲಿ ಉಳಿಸಿ, ಆರಂಭದ ನಡೆಗಳ ಮೇಲೆ ಬರೆದ ದಪ್ಪ ಪುಸ್ತಕಗಳನ್ನು ತರಿಸಿಕೊಂಡು ಓದಿದವಳು. ಸಿಸಿಲಿಯ ಹೆಸರಿನದು, ಫ್ರಾನ್ಸಿನ ಹೆಸರಿನದು, ಸ್ಪೇನಿನ ಹೆಸರಿನದು, ಎಲ್ಲವನ್ನೂ ಆಡಿ ನೋಡಿದ್ದೇನೆ, ಎಲ್ಲದರಿಂದಲೂ ಸೋತಿದ್ದೇನೆ. ಇಷ್ಟಾದರೂ ಆರಂಭ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಕಾಣುವುದು ರಾಯಚೂರಿನ ಕೋಟೆಗೋಡೆಗೆ ಹತ್ತಿರದ ಓಣಿಯಲ್ಲಿದ್ದ ನಮ್ಮ ಮನೆಯ ಪಡಸಾಲೆ, ಮತ್ತು ಆ ಪಡಸಾಲೆಯ ನಟ್ಟನಡುವೆ ಫರಸಿಕಲ್ಲಿನ ಮೇಲೆಯೇ ಕೊರೆದಿದ್ದ ಚದುರಂಗದ ಮನೆಗಳು.

ಕೊರೆದವನು ನಮ್ಮ ಅಜ್ಜ. ಕಲ್ಲುಗಣಿಯಲ್ಲಿ ದುಡಿಯುತ್ತಿದ್ದ ಅವನು ಯಾವನೋ ವಕೀಲನ ಮನೆಗೆ ಫರಸಿ ಹಾಸುವಾಗ ಅಲ್ಲಿನವರು ಆಡುವುದನ್ನು ನೋಡಿ ಬಂದನಂತೆ. ನೋಡಿದ್ದನ್ನು ತನ್ನ ಮನೆಯ ನೆಲಕ್ಕೆ ಉಳಿಯಿಂದ ಇಳಿಸಿದ. ಉಳಿದವರ ಮನೆಯಲ್ಲಿ ಆಟದ ಹಲಗೆಯನ್ನು ಎತ್ತಿ ಮೂಲೆಗಿಡಬಹುದು. ನಮ್ಮ ಮನೆಯಲ್ಲಿ ಹಲಗೆಯನ್ನು ದಾಟದೆ ಅಡಿಗೆಮನೆಗೆ ಹೋಗುವಂತಿರಲಿಲ್ಲ. ಎಡಕ್ಕೊಂದು ಕೋಣೆ ದೊಡ್ಡಪ್ಪ ದೊಡ್ಡವ್ವನದು, ಬಲಕ್ಕೊಂದು ಅಪ್ಪ ಅವ್ವನದು, ಹಿಂದೆ ಒಂದೇ ಒಲೆಯ ಅಡಿಗೆಮನೆ, ಅದರ ಹಿಂದೆ ಹಿತ್ತಲು. ಹಿತ್ತಲಿನ ಮೂಲೆಯಲ್ಲಿ ಎರಡು ಬಡಿಗೆ ನೆಟ್ಟು ಗೋಣಿಚೀಲದ ಪರದೆ ಕಟ್ಟಿದ್ದರು. ಹೆಂಗಸರ ಸ್ನಾನ ಆ ಪರದೆಯ ಹಿಂದೆ, ಗಾಳಿ ಬೀಸದ ಹೊತ್ತು ನೋಡಿಕೊಂಡು ಆಗಬೇಕು. ಒಂದು ಬಚ್ಚಲು ಕಟ್ಟಿಸಿರೆಂದು ಅವ್ವ ಮತ್ತು ದೊಡ್ಡವ್ವ ನಾನು ತೊಟ್ಟಿಲಲ್ಲಿದ್ದಾಗಿನಿಂದ ಕೇಳುತ್ತಿದ್ದರು. ಇಟ್ಟಂಗಿ ಸಿಗುತ್ತಿಲ್ಲ ಎಂದು ಅಣ್ಣ ತಮ್ಮಂದಿರು ಒಂದೇ ದನಿಯಲ್ಲಿ ಹೇಳುತ್ತಿದ್ದರು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಒಂದು ಪಟವಿತ್ತು. ಅವನು ಕಣ್ಣು ಅರ್ಧ ಮುಚ್ಚಿಕೊಂಡಿದ್ದುದು ಧ್ಯಾನಕ್ಕೋ ಅಥವಾ ನಮ್ಮ ಮನೆಯ ಆಟವನ್ನು ನೋಡಲಾರದೆಯೋ ಎಂದು ನನಗೆ ಅನುಮಾನ.

ದೊಡ್ಡಪ್ಪ ಹತ್ತಿಯ ಜಿನ್ನಿನಲ್ಲಿ ಕೆಲಸಕ್ಕಿದ್ದ. ಸಂಜೆ ಮನೆಗೆ ಬಂದಾಗ ಅವನ ಹುಬ್ಬು, ಮೀಸೆಗೆಲ್ಲ ಅರಳೆ ಅಂಟಿ ಮುಪ್ಪಿನ ಮುದುಕನ ಹಾಗೆ ಕಾಣುತ್ತಿದ್ದ. ಮುಖ ತೊಳೆದ ಮೇಲೆ ಮತ್ತೆ ಪ್ರಾಯ. ಅವನಿಗೂ ದೊಡ್ಡವ್ವನಿಗೂ ಮಕ್ಕಳಿರಲಿಲ್ಲ. ಅಪ್ಪ ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್‌ನಲ್ಲಿ ಮಾಸ್ತರ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ನಸುಕಿನಲ್ಲಿ ಹೊರಡುತ್ತಿದ್ದ. ಇಡೀ ಮನೆಗೆ ಇದ್ದ ಮಗು ನಾನೊಬ್ಬಳೇ. ಊಟ ಅವ್ವನ ಕೈಯಿಂದ, ತಲೆ ಬಾಚುವುದು ದೊಡ್ಡವ್ವ, ಬೈಯುವುದು ಇಬ್ಬರೂ. ನಿದ್ದೆ ಬಂದ ಕಡೆ ಮಲಗುತ್ತಿದ್ದೆ. ಹೆಚ್ಚಾಗಿ ಅದು ದೊಡ್ಡವ್ವನ ಕೋಣೆಯಾಗಿರುತ್ತಿತ್ತು. ಯಾಕೆಂದರೆ ಅವಳ ಕೌದಿ ದಪ್ಪ.

ಭಾನುವಾರ ರೊಟ್ಟಿ, ಪುಂಡಿಪಲ್ಯ ಉಂಡಾದ ಮೇಲೆ ಅಣ್ಣ ತಮ್ಮಂದಿರು ಆಟಕ್ಕೆ ಕೂರುವುದು ಮನೆಯ ಕಟ್ಟಳೆ. ವಾರವೆಲ್ಲ ಕೂಡಿಟ್ಟ ಮಾತನ್ನು ಅವರು ಕಾಯಿ ಸರಿಸುತ್ತ ಆಡುತ್ತಿದ್ದರು. ಅವರು ಆಡುತ್ತಿದ್ದುದು ಅಜ್ಜ ಕಲಿಸಿದ ಹಳೆಯ ರಿವಾಜು. ಅದರಲ್ಲಿ ಪ್ಯಾದೆಗೆ ಯಾವಾಗಲೂ ಒಂದೇ ಹೆಜ್ಜೆ. ಆಟದ ಮೊದಲ ನಾಲ್ಕು ನಡೆಗಳನ್ನು ಒಬ್ಬೊಬ್ಬರೂ ಒಟ್ಟಿಗೇ ಆಡಿಬಿಡಬೇಕು, ತಮ್ಮ ಅರ್ಧವನ್ನು ದಾಟಬಾರದು. ಇದಕ್ಕೆ ಅವರು ಮನಿ ಕಟ್ಟೋದು ಅನ್ನುತ್ತಿದ್ದರು. ರಾಜನಿಗೆ ಇಡೀ ಆಟದಲ್ಲಿ ಒಂದು ಸಲ, ಇನ್ನೂ ಶಹ ಬೀಳದಿದ್ದರೆ, ಕುದುರೆಯ ಹಾಗೆ ಜಿಗಿಯುವ ಹಕ್ಕು. ಈ ಜಿಗಿತದ ಬಗ್ಗೆ ದೊಡ್ಡಪ್ಪನಿಗೆ ವಿಪರೀತ ಅಭಿಮಾನ. ರಾಜನಾಗಿ ಹುಟ್ಟಿದ್ದಕ್ಕೆ ಒಮ್ಮೆಯಾದರೂ ಜಿಗಿಯದಿದ್ದರೆ ಹೇಗೆ ಎಂದು ಕೇಳುತ್ತಿದ್ದ.

ಅಷ್ಟರಲ್ಲಿ ಮಾನ್ವಿಯ ಬ್ಯಾಂಕಿಗೆ ಧಾರವಾಡದ ಕಡೆಯ ಕ್ಯಾಶಿಯರನೊಬ್ಬ ವರ್ಗವಾಗಿ ಬಂದ. ಅವನಿಂದ ಅಪ್ಪ ಹೊಸ ಕಾಯ್ದೆ ಕಲಿತ. ನೀನೊಂದು, ನಾನೊಂದು ನಡೆ. ಪ್ಯಾದೆಗೆ ಮೊದಲ ಸಲ ಎರಡು ಹೆಜ್ಜೆ. ಜಿಗಿತದ ಬದಲು ರಾಜ ಪಕ್ಕಕ್ಕೆ ಸರಿದು ಆನೆಯ ಆಸರೆಗೆ ಹೋಗುವುದು, ಅದಕ್ಕೆ ಕೋಟೆ ಕಟ್ಟುವುದೆಂದು ಹೆಸರು. ಎದುರಿನವನು ಏನು ಆಡಿದ ಎಂಬುದನ್ನು ನೋಡಿಯೇ ಆರಂಭ ಮಾಡಬೇಕು, ಇಡೀ ಜಗತ್ತು ಹೀಗೆಯೇ ಆಡುತ್ತದೆ ಎಂದು ಅಪ್ಪ ವಿವರಿಸಿದ. ದೊಡ್ಡಪ್ಪ ತಾಳ್ಮೆಯಿಂದ ಕೇಳಿದ.

"ನನ್ನ ಮನಿ ನಾ ಕಟ್ಕೊಳ್ಳಾಕ ನಿನ್ನ ಮಾರಿ ಯಾಕ ನೋಡ್ಲೋ? ಮತ್ತ ನಿಮ್ಮ ರಾಜ ಆನಿ ಹಿಂದ ಹೋಗಿ ಅಡಗ್ತಾನ. ಅವನೇನು ರಾಜನೋ, ಸಾಲಿ ತಪ್ಪಿಸಿದ ಹುಡುಗನೋ?"

ಕೊನೆಗೆ ಒಪ್ಪಂದವಾಯಿತು: ಒಂದು ಭಾನುವಾರ ಹಳೆಯ ರಿವಾಜು, ಮರು ಭಾನುವಾರ ಹೊಸ ಕಾಯ್ದೆ. ಈ ಬುದ್ಧಿವಂತಿಕೆ ಅವರಿಗೆ ಹೊಳೆದದ್ದು ಅಡಿಗೆಮನೆಯಿಂದ. ಅಲ್ಲಿ ಒಂದು ವಾರ ಅವ್ವ ನೀರು ಹೊತ್ತರೆ ದೊಡ್ಡವ್ವ ಒಲೆಯ ಮುಂದೆ, ಮರುವಾರ ಅದಲುಬದಲು. ಮನೆಯ ಹೆಂಗಸರಲ್ಲಿ ಸುಸೂತ್ರವಾಗಿ ನಡೆಯುತ್ತಿದ್ದ ಏರ್ಪಾಡು ಗಂಡಸರಲ್ಲಿ ನಡೆಯದೆ ಏನು ಎಂದುಕೊಂಡರು. ಅಡಿಗೆಮನೆಯಲ್ಲಿ ಆಗಷ್ಟೇ ಏನಾಗಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವ್ವ ತನ್ನ ಅಣ್ಣನ ಮಗುವಿಗೆ ಹೆಸರಿಡುವುದಿದೆಯೆಂದು ತವರಾದ ಯಾಪಲದಿನ್ನಿಗೆ ಹೋಗಿ ನೀರಿನ ಒಂದು ವಾರ ತಪ್ಪಿಸಿಕೊಂಡಿದ್ದಳು. ತಿರುಗಿ ಬಂದಾಗ ದೊಡ್ಡವ್ವ, ಪಾಳಿ ಅಂದರೆ ಪಾಳಿ, ಊರಿಗೆ ಹೋದರೆ ಅದು ಮುಳುಗುವುದಿಲ್ಲ ಎಂದಳು. ದೊಡ್ಡವ್ವ ದೇವದುರ್ಗದವಳು, ಮಾತು ಒಂದೇ ಸಲ ಆಡುವವಳು. ಅವ್ವ ತುಟಿಪಿಟಕ್ಕೆನ್ನದೆ ಎರಡು ವಾರ ಬೆನ್ನುಬೆನ್ನಿಗೆ ನೀರು ಹೊತ್ತಳು. ಅವ್ವ ಸುಮ್ಮನಿದ್ದಾಳೆ ಎಂದರೆ ಮನೆಯವರೆಲ್ಲ ಹೆದರಬೇಕಿತ್ತು. ಯಾರೂ ಗಮನಿಸಲಿಲ್ಲ.

ಒಂದು ಶನಿವಾರ ಅಪ್ಪ ಬರಲಿಲ್ಲ. ಭಾನುವಾರ ದೊಡ್ಡಪ್ಪ ಊಟ ಮುಗಿಸಿ, ಕಾಯಿ ಹೂಡಿಕೊಂಡು, ಬಸ್ಸು ಕೆಟ್ಟಿರಬೇಕೆಂದು ಹೊತ್ತು ಇಳಿಯುವ ತನಕ ಬಾಗಿಲ ಕಡೆ ನೋಡುತ್ತ ಕುಳಿತ. ಬಸ್ಸು ಕೆಟ್ಟಿರಲಿಲ್ಲ. ಕ್ಯಾಶಿಯರನಿಗೆ ಕರಾವಳಿಗೆ ವರ್ಗವಾಗಿತ್ತು. ಹೋಗುವ ಮೊದಲು ಮನಸ್ಸಿಗೆ ತೃಪ್ತಿಯಾಗುವಷ್ಟು ಆಡೋಣವೆಂದು ಅಪ್ಪ ಮಾನ್ವಿಯಲ್ಲೇ ಉಳಿದಿದ್ದ. ಮುಂದಿನ ಶನಿವಾರ ಬಂದಾಗ, ಕ್ಯಾಶಿಯರ ಬಿಟ್ಟುಹೋದ ಚದುರಂಗದ ಇಂಗ್ಲಿಷ್ ಪುಸ್ತಕವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಎಲ್ಲಿದ್ದೆ ಎಂದು ದೊಡ್ಡಪ್ಪ ಕೇಳುವ ಪ್ರಮೇಯವೇ ಉಳಿಯಲಿಲ್ಲ. ಮರುದಿನ ಆಟಕ್ಕೆ ಕೂತಾಗ ದೊಡ್ಡಪ್ಪ ತನ್ನ ನಾಲ್ಕು ನಡೆಗಳನ್ನು ಒಟ್ಟಿಗೆ ಆಡಿದ. ರಾಜನ ಕಡೆಯ ಕುದುರೆಯ ಮುಂದಿನ ಪ್ಯಾದೆ ಒಂದು ಹೆಜ್ಜೆ, ಖಾಲಿಯಾದ ಜಾಗಕ್ಕೆ ಒಂಟೆ, ಕುದುರೆ ಹೊರಗೆ, ವಜೀರನ ಮುಂದಿನ ಪ್ಯಾದೆ ಒಂದು ಹೆಜ್ಜೆ. ಅವನ ಮನೆ ಕಟ್ಟಿ ಮುಗಿಯಿತು.

"ಅಣ್ಣಾ, ಈ ವಾರ ಹೊಸ ಕಾಯ್ದೆ ಅದ," ಎಂದ ಅಪ್ಪ.

"ಹೊಸದು ಹ್ವಾದ ವಾರ ಇತ್ತು."

"ಹ್ವಾದ ವಾರ ನಾ ಬಂದೇ ಇಲ್ಲಲ್ಲ."

"ಬಂದಿಲ್ಲಂದ್ರ ನಿನ್ನ ಪಾಳಿ ಹೋತು."

"ಪಾಳಿ ಎಲ್ಲಿ ಹೋಗ್ತದ? ಆಡೋ ತನಕ ಹಂಗಽ ಇರ್ತದ."

"ಪಾಳಿ ಇತ್ತಪ್ಪಾ. ನೀ ಇರ್ಲಿಲ್ಲ. ಬ್ಯಾಂಕಿನ ಮಂದಿ ಕೂಡ ಕುಂತಿದ್ದಿ. ಜಿನ್ನಿನವರ ಕೂಡ ಆಡಿದ್ರ ಮೈಗೆ ಅರಳಿ ಹತ್ತತದ."

ಇಲ್ಲಿಗೆ ನಿಂತಿದ್ದರೆ ಸಂಜೆಯ ಚಹಾದೊಳಗೆ ಮುಗಿಯುವ ಜಗಳ. ಆದರೆ ಅಡಿಗೆಮನೆಯ ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು. ಭಾವನ ಎದುರು ಅವಳು ನೇರ ಮಾತಾಡುತ್ತಿರಲಿಲ್ಲ. ಎಲ್ಲವೂ ನನ್ನ ಮುಖಾಂತರ.

"ಸುಮೀ, ನಿಮ್ಮಪ್ಪಗ ಹೇಳು, ದೊಡ್ಡಪ್ಪ ಹೇಳೋದು ಖರೆ ಅದ. ತಪ್ಪಿದ ಪಾಳಿ ಹೋತು ಅಂದ್ರ ಹೋತು. ಹಂಗಿದ್ರ ನಾ ಎರಡು ವಾರ ನೀರು ಯಾಕ ಹೊತ್ತೆ, ಅದನ್ನ ಯಾರರ ಹೇಳ್ರಿ."

ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ತನ್ನ ಗಂಡನ ಕಡೆ ನೋಡಲೂ ಇಲ್ಲ.

"ಮಾಸ್ತರ ಹೇಳೋದಽ ಖರೆ. ಪಾಳಿ ಹೋಗಂಗಿಲ್ಲ. ಕಾಯ್ದೆ ಅಂದ್ರ ಎಲ್ಲಾರಿಗೂ ಒಂದಽ."

ಹೀಗೆ ಅವ್ವ ಗಂಡನನ್ನು ಬಿಟ್ಟು ಭಾವನ ಪಕ್ಷ, ದೊಡ್ಡವ್ವ ಗಂಡನನ್ನು ಬಿಟ್ಟು ಮೈದುನನ ಪಕ್ಷ. ಹೊರಗಿನವರ ಎದುರು ಸೋಲಬಹುದು, ಸ್ವಂತ ಹೆಂಡತಿಯ ಎದುರು ಕಾಯ್ದೆಯಲ್ಲಿ ಸೋತು ಬದುಕುವುದು ಕಷ್ಟ. ಮಾತು ಬೆಳೆಯಿತು. ನೀರಿನಿಂದ ಹಾಲಿಗೆ, ಹಾಲಿನಿಂದ ಅಪ್ಪನ ಓದಿಗೆ ಜಿನ್ನಿನ ಕೂಲಿ ಹಾಕಿದವರು ಯಾರು ಎಂಬುದಕ್ಕೆ ಹೋಯಿತು. ಬ್ಯಾರೆ ಆಗೋಣ ಎಂಬ ಮಾತನ್ನು ಮೊದಲು ಆಡಿದವರು ಯಾರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಪಡಸಾಲೆಯ ನಡುವೆ ಗೋಡೆ ಹಾಕುವುದು, ಅಳತೆಗೆ ಗುಂಜಹಳ್ಳಿಯಿಂದ ಅವರ ಸೋದರಮಾವನನ್ನು ಮುಂದಿನ ಭಾನುವಾರ ಕರೆಸುವುದು ಎಂದು ಇಬ್ಬರೂ ಬಹಳ ಮರ್ಯಾದೆಯಿಂದ ಒಪ್ಪಿಕೊಂಡರು. ಅಷ್ಟು ವರ್ಷ ಬಚ್ಚಲಿಗೆ ಸಿಗದಿದ್ದ ಇಟ್ಟಂಗಿ ಗೋಡೆಗೆ ಬುಧವಾರವೇ ಬಂಡಿಯಲ್ಲಿ ಬಂದು ಹಿತ್ತಲಿನಲ್ಲಿ ಇಳಿಯಿತು.

ಆ ವಾರ ನಮ್ಮ ಮನೆಯಲ್ಲಿ ಮಾತಿಗಿಂತ ರೊಟ್ಟಿ ಬಡಿಯುವ ಸಪ್ಪಳ ಹೆಚ್ಚು. ಒಲೆ ಒಂದೇ ಇದ್ದುದರಿಂದ ಅವ್ವ, ದೊಡ್ಡವ್ವ ಪಕ್ಕಪಕ್ಕದಲ್ಲೇ ಕೂತು ಬೇರೆಬೇರೆಯಾಗಿ ಸಿಟ್ಟಾಗಬೇಕಿತ್ತು. ನನ್ನನ್ನು ಯಾವ ಕಡೆಗೆ ಹಾಕುತ್ತಾರೆ ಎಂದು ಯಾರೂ ಹೇಳಲಿಲ್ಲ. ಅಪ್ಪನ ಮಗಳಾದ್ದರಿಂದ ಬಲಗಡೆಯೇ ಎಂಬುದು ಅವರಿಗೆ ಹೇಳಬೇಕಾದ ಸಂಗತಿಯಾಗಿ ಕಂಡಿರಲಿಲ್ಲ. ನನಗೆ ಕಂಡಿತ್ತು. ಗೋಡೆಯ ಆಚೆಗೆ ಉಳಿಯುವವುಗಳಲ್ಲಿ ದೊಡ್ಡವ್ವನ ಕೌದಿ, ನನ್ನ ತಲೆ ಬಾಚುವ ಹಣಿಗೆ, ಸಂಜೆ ದೊಡ್ಡಪ್ಪನ ಮೀಸೆಯಿಂದ ಅರಳೆ ಬಿಡಿಸುವ ನನ್ನ ಉದ್ಯೋಗ, ಎಲ್ಲ ಇದ್ದವು. ದೊಡ್ಡವ್ವ ತಲೆ ಬಾಚುವಾಗ ಎಂದಿಗಿಂತ ಬಿಗಿಯಾಗಿ ಜಡೆ ಹಾಕಿದಳು. ಬಹಳ ದಿನ ಬಾಳಲಿ ಎಂದು ಹಾಕಿದ ಹಾಗಿತ್ತು.

ಫರಸಿಯ ಮೇಲಿನ ಕಾಯಿಗಳನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತಿದವರು ಸೋತರೆಂದು ಅರ್ಥವಾಗುತ್ತಿತ್ತು. ದೊಡ್ಡಪ್ಪನ ಕಡೆ ನಾಲ್ಕು ನಡೆ ಆಗಿದ್ದವು, ಅಪ್ಪನ ಕಡೆ ಕಾಯಿ ಅಲುಗಿರಲಿಲ್ಲ. ಪಡಸಾಲೆ ಗುಡಿಸುವುದು ನನ್ನ ಪಾಲಿನ ಕೆಲಸ. ದಿನಾ ಬೆಳಿಗ್ಗೆ ಸಂಜೆ ಅದರ ಸುತ್ತ ಕಸಬರಿಗೆ ಆಡಿಸುತ್ತ, ನೋಡುವುದಕ್ಕೆ ಬೇರೇನೂ ಇಲ್ಲದೆ ಅದನ್ನೇ ನೋಡಿದೆ. ಅಪ್ಪ ಬಿಟ್ಟುಹೋಗಿದ್ದ ಪುಸ್ತಕವನ್ನೂ ತಿರುವಿಹಾಕಿದೆ. ನನ್ನ ಹೈಸ್ಕೂಲಿನ ಇಂಗ್ಲಿಷ್ ಅದಕ್ಕೆ ಸಾಲುತ್ತಿರಲಿಲ್ಲ, ಆದರೆ ಚಿತ್ರಗಳಿಗೆ ಇಂಗ್ಲಿಷ್ ಬೇಕಿರಲಿಲ್ಲ. ಒಂದು ಪುಟದಲ್ಲಿ ದೊಡ್ಡಪ್ಪನ ಮನೆ ಕಾಣಿಸಿತು. ಅದೇ ಪ್ಯಾದೆ, ಅದೇ ಒಂಟೆ, ಅದೇ ಕುದುರೆ. ಮೇಲೆ ಹೆಸರೂ ಇತ್ತು: ಇಂಡಿಯನ್. ರಷ್ಯಾದ ದೊಡ್ಡ ದೊಡ್ಡ ಆಟಗಾರರು ಆಡುವ ಆರಂಭವಂತೆ. ಇದರಿಂದ ದೊಡ್ಡಪ್ಪನೂ ಅವರ ಸಾಲಿನವನೆಂದು ಯಾರೂ ತಿಳಿಯಬಾರದು. ಹೋಲಿಕೆ ನಾಲ್ಕನೆಯ ನಡೆಗೆ ಮುಗಿಯುತ್ತಿತ್ತು. ಐದನೆಯದರಿಂದ ರಷ್ಯಾದವರು ಒಂದು ದಾರಿ, ದೊಡ್ಡಪ್ಪ ಒಂದು ದಾರಿ.

ಆ ದಿನಗಳಲ್ಲೇ ಎಲ್ಲೋ ದೂರದಲ್ಲಿ ಜಗತ್ತಿನ ಪಟ್ಟಕ್ಕೆ ಇಬ್ಬರು ಆಡುತ್ತಿದ್ದರು. ಲೈಬ್ರರಿಯ ಪೇಪರಿನಲ್ಲಿ ಅದರ ಸುದ್ದಿ ಓದುತ್ತಿದ್ದೆ. ಆಟದ ನಡುವೆ ಒಬ್ಬನಿಗೆ ಅವನ ಕಡೆಯವರು ಮೊಸರು ತಂದುಕೊಟ್ಟದ್ದಕ್ಕೆ ಇನ್ನೊಬ್ಬನ ಕಡೆಯವರು ತಕರಾರು ಎತ್ತಿದ್ದರು. ಮೊಸರಿನಲ್ಲಿ ಏನೋ ಸಂಕೇತ ಇರಬಹುದೆಂದು. ಅದನ್ನು ಓದಿ ನನಗೆ ಬಹಳ ಸಮಾಧಾನವಾಯಿತು. ಅಲ್ಲಿಯ ತನಕ ಜಗತ್ತಿನಲ್ಲಿ ನಮ್ಮದೊಂದೇ ಇಂಥ ಮನೆ ಎಂದುಕೊಂಡಿದ್ದೆ. ಮೇಲಿನ ದರ್ಜೆಯ ಆಟದ ಬಗ್ಗೆ ನನ್ನ ಅಭಿಪ್ರಾಯ ಅವತ್ತಿನಿಂದ ಹೆಚ್ಚು ಬದಲಾಗಿಲ್ಲ: ಅವರ ಕಾಯಿಗಳು ನಮ್ಮವಕ್ಕಿಂತ ಚೆನ್ನಾಗಿ ನಡೆಯುತ್ತವೆ, ಉಳಿದದ್ದೆಲ್ಲ ನಮ್ಮ ಪಡಸಾಲೆಯೇ.

ಭಾನುವಾರ ಗುಂಜಹಳ್ಳಿ ಮುತ್ಯಾ ಬಂದ. ನನ್ನ ಅಜ್ಜಿಯ ತಮ್ಮ. ಹೆಗಲ ಮೇಲೆ ಟವಲು, ಕೈಯಲ್ಲಿ ನುಲಿಯ ಹಗ್ಗ. ಚಹಾ ಕುಡಿದು, ಬಾಗಿಲ ಚೌಕಟ್ಟಿನ ನಡುವಿನಿಂದ ಹಿಂದಿನ ಗೋಡೆಗೆ ಹಗ್ಗ ಹಿಡಿಸಿದ. ಹಗ್ಗ ಸರಿಯಾಗಿ ಫರಸಿಯ ಮನೆಗಳ ಮೇಲೆ ಹಾಯ್ದು, ರಾಜ ಒಂದು ಕಡೆ, ವಜೀರ ಒಂದು ಕಡೆ ಆದರು. ಕಾಯಿ ತೆಗೆಯಿರಿ ಎಂದ ಮುತ್ಯಾ. ಯಾರೂ ಏಳಲಿಲ್ಲ. ಜಗಳ ಏನೆಂದು ಕೇಳಿದ. ನಾಲ್ವರೂ ಹೇಳಿದರು, ಅವ್ವನದು ಮಾತ್ರ ನನ್ನ ಬಾಯಿಂದ. ಮುತ್ಯಾ ಎಲೆಅಡಿಕೆ ಹಾಕಿಕೊಂಡು ಬಹಳ ಹೊತ್ತು ಮೆದ್ದ.

"ಅಂದ್ರ ಸಣ್ಣಾತನ ಹೇಂತಿ ದೊಡ್ಡಾತನ ಕಡಿ. ದೊಡ್ಡಾತನ ಹೇಂತಿ ಸಣ್ಣಾತನ ಕಡಿ. ಹೌದಲ್ಲೋ?"

ಹೌದೆಂದರು.

"ನಾ ಇಲ್ಲಿ ಗ್ವಾಡಿ ಹಾಕಿದ್ರ ಆ ಕಡಿ ಒಂದು ಜಗಳ, ಈ ಕಡಿ ಒಂದು ಜಗಳ ಉಳೀತದ. ಈಗ ಒಂದಽ ಅದ. ಗ್ವಾಡಿಲೆ ಜಗಳ ಹರೀಬೇಕಂದ್ರ ಹೇಂತೇರನ್ನ ಅದಲಿಬದಲಿ ಮಾಡ್ಬೇಕಾಗ್ತದ. ಈ ವಯಸ್ಸಿನ್ಯಾಗ ಅಂಥಾ ಪಂಚಾಯ್ತಿ ನನ್ನ ಕೈಲೆ ಆಗಂಗಿಲ್ಲ."

ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಇಬ್ಬರು ನಗುವ ಸದ್ದು ಬಂತು. ಅಪ್ಪ ನೆಲ ನೋಡಿದ. ದೊಡ್ಡಪ್ಪ ಮಾತ್ರ ಸಡಿಲಲಿಲ್ಲ. ಹೆಂಗಸರದು ಬಿಡು ಮಾವ, ಪಾಳಿಯದೂ ಬಿಡು, ಹೊಸ ಕಾಯ್ದೆಗೆ ಒಪ್ಪಿದರೆ ನನ್ನ ರಾಜನ ಜಿಗಿತ ಹೋಗುತ್ತದೆ, ನಮ್ಮಪ್ಪ ಕೊಟ್ಟುಹೋದ ಹಕ್ಕು, ಮನೆ ಹೋದರೂ ಅದನ್ನು ಬಿಡುವುದಿಲ್ಲ ಎಂದ. ಹಗ್ಗದ ತುದಿ ಇನ್ನೂ ಮುತ್ಯಾನ ಕೈಯಲ್ಲೇ ಇತ್ತು. ನನಗೆ ಕಾಣುತ್ತಿದ್ದುದು ಆ ತುದಿ ಒಂದೇ.

"ದೊಡ್ಡಪ್ಪಾ," ಎಂದೆ, "ಜಿಗಿ ಅಂದ್ರೂ ನಿನ್ನ ರಾಜ ಎಲ್ಲಿ ಜಿಗೀತಾನ?"

"ಯಾಕ ಬೇ? ಕುದುರಿ ಹಂಗ ಜಿಗೀತಾನ."

"ಜಿಗಿಸಿ ತೋರ್ಸು."

ಅವನು ಬಗ್ಗಿದ. ರಾಜನ ಮೇಲೆ ಬೆರಳಿಟ್ಟು ಕುದುರೆಯ ಹೆಜ್ಜೆ ಎಣಿಸಿದ. ಆ ಜಾಗದಿಂದ ಕುದುರೆಯ ಹಾಗೆ ಹೋಗಲು ಇರುವುದು ನಾಲ್ಕೇ ಮನೆ. ಒಂದರಲ್ಲಿ ಅವನದೇ ಒಂಟೆ. ಒಂದರಲ್ಲಿ ಅವನದೇ ಕುದುರೆ. ಒಂದರಲ್ಲಿ ಸರಿಸಿದ ಪ್ಯಾದೆ, ಇನ್ನೊಂದರಲ್ಲಿ ಸರಿಸದ ಪ್ಯಾದೆ. ಜೀವಮಾನವೆಲ್ಲ ಒಂದೇ ರೀತಿಯ ಮನೆ ಕಟ್ಟಿ, ರಾಜ ಜಿಗಿಯಬಹುದಾದ ಜಾಗವನ್ನೆಲ್ಲ ಅವನೇ ತುಂಬಿಸಿಕೊಂಡಿದ್ದ. ಅವನು ಮತ್ತೊಮ್ಮೆ ಎಣಿಸಿದ. ಅಪ್ಪನೂ ಈ ಕಡೆಯಿಂದ ಬಗ್ಗಿ ಎಣಿಸಿದ. ಇಬ್ಬರ ತಲೆಗಳೂ ಹಗ್ಗದ ಮೇಲೆ ಹತ್ತಿರ ಬಂದವು.

"ಅಣ್ಣಾ, ನೀ ಜಿಗಿದದ್ದು ನಾ ಯಾವಾಗ ನೋಡೀನಿ?" ಎಂದ ಅಪ್ಪ, ಮೆಲ್ಲಗೆ.

ದೊಡ್ಡಪ್ಪ ಯೋಚಿಸಿದ. "ಒಮ್ಮಿ ಜಿಗಿದಿದ್ದೆ," ಎಂದ. "ನೀ ಸಣ್ಣಾವಿದ್ದಿ. ಅಪ್ಪನ ಕೂಡ ಆಡುವಾಗ."

"ಗೆದ್ದ್ಯಾ?"

"ಇಲ್ಲ."

ನಾನು ಪುಸ್ತಕ ತಂದು ಆ ಪುಟ ತೆರೆದಿಟ್ಟೆ. ಈ ನಾಲ್ಕು ನಡೆ ಎರಡು ಕಾಯ್ದೆಗೂ ನಡೆಯುತ್ತವೆ, ಒಂದೂ ಎರಡು ಹೆಜ್ಜೆಯದಲ್ಲ, ಒಂದೂ ಅರ್ಧ ದಾಟಿಲ್ಲ. ಅಪ್ಪ ತನ್ನ ನಾಲ್ಕು ಆಡಿಬಿಟ್ಟರೆ ಇದು ಯಾವ ಭಾನುವಾರದ ಆಟವೆಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ ಎಂದೆ. ಇಷ್ಟುದ್ದ ಮಾತನ್ನು ಆ ಪಡಸಾಲೆಯಲ್ಲಿ ನಾನು ಮೊದಲ ಸಲ ಆಡಿದ್ದು. ಮುಂದೆ ತರಗತಿಯಲ್ಲಿ ಆಡಿದ ಯಾವ ಮಾತನ್ನೂ ಅಷ್ಟು ಗಮನಕೊಟ್ಟು ಯಾರೂ ಕೇಳಿದ್ದಿಲ್ಲ. ದೊಡ್ಡಪ್ಪ ಚಿತ್ರವನ್ನು ಒಂದು ಕೈ ದೂರ ಹಿಡಿದು ನೋಡಿದ, ಹೆಸರೇನೆಂದು ಕೇಳಿದ. ಹೇಳಿದೆ. ಇಷ್ಟು ದಿನ ನನಗ್ಯಾಕೆ ಹೇಳಲಿಲ್ಲ ಎಂಬಂತೆ ತಮ್ಮನ ಕಡೆ ನೋಡಿದ. ಅಪ್ಪ ಹಗ್ಗದ ಕೆಳಗೆ ಕೈ ತೂರಿಸಿ ತನ್ನ ಪ್ಯಾದೆ ಸರಿಸಿದ. ಹಗ್ಗ ಕೈಗೆ ಅಡ್ಡ ಬರುತ್ತಿದೆ, ಆ ಕಡೆ ತೆಗೆಯಿರಿ ಎಂದು ದೊಡ್ಡಪ್ಪ ಮಾವನಿಗೇ ಹೇಳಿದ. ಮುತ್ಯಾ ಹಗ್ಗವನ್ನು ಮೊಳಕೈಗೆ ಸುತ್ತಿಕೊಂಡ. ಆಗ ನಾನು ಬಿಟ್ಟ ಉಸಿರು ವಾರದಿಂದ ಒಳಗೇ ಇದ್ದಿರಬೇಕು. ಸದ್ದಿಗೆ ಮುತ್ಯಾ ತಿರುಗಿ ನೋಡಿದ.

ಅವ್ವ ಎರಡು ಲೋಟ ಮಜ್ಜಿಗೆ ತಂದಳು. ಗಂಡನಿಗೊಂದು, ಭಾವನಿಗೊಂದು, ಯಾರೂ ತಕರಾರು ಎತ್ತಲಿಲ್ಲ. ಆಟ ನಡೆಯುತ್ತಿರುವಾಗಲೇ ಹಿತ್ತಲಿನ ಕಡೆಯಿಂದ ದೊಡ್ಡವ್ವನ ದನಿ ಕೇಳಿಸಿತು. ತಂದ ಇಟ್ಟಂಗಿಯನ್ನು ತಿರುಗಿ ಕಳಿಸುವಂತಿಲ್ಲ, ಗೋಡೆ ಕಟ್ಟುವ ಗೌಂಡಿಗೂ ನಾಳೆ ಬಾ ಎಂದು ಹೇಳಿಯಾಗಿದೆ, ಮಾವ ಹಗ್ಗ ತಂದಿದ್ದಾನೆ, ಅಳತೆ ಇಲ್ಲಿ ಹಿಡಿಯಲಿ ಎಂದು. ಹಿಂದೆಯೇ ಅವ್ವ, ಈ ಸಲ ಯಾರ ಮುಖಾಂತರವೂ ಅಲ್ಲದೆ, ಹೌದ್ರಿ ಎಂದಳು. ಅಣ್ಣ ತಮ್ಮಂದಿರು ಕಾಯಿಯ ಮೇಲಿನ ಕಣ್ಣು ಎತ್ತದೆ ಆಗಲಿ ಎಂದರು. ಆ ಹೊತ್ತಿನಲ್ಲಿ ಅವರನ್ನು ಏನು ಕೇಳಿದ್ದರೂ ಆಗಲಿ ಎನ್ನುತ್ತಿದ್ದರು, ಇದು ಆ ಇಬ್ಬರು ಹೆಂಗಸರಿಗೆ ಗೊತ್ತಿತ್ತು.

ಈಗ ನಾನು ಯಾವ ಆರಂಭ ಆಡಿದರೂ ಮೊದಲು ನನ್ನ ರಾಜನ ಸುತ್ತ ಒಂದು ಸಲ ನೋಡುತ್ತೇನೆ, ಯಾವ ಜಾಗ ನಾನೇ ತುಂಬಿಸಿಕೊಂಡಿದ್ದೇನೆ ಎಂದು. ಇದರಿಂದ ನನ್ನ ಆಟ ಸುಧಾರಿಸಿದೆಯೆಂದು ಹೇಳಲಾರೆ, ನಿಧಾನವಾಗಿದೆ. ಅಂದಿನ ಆಟದಲ್ಲಿ ಅಪ್ಪ ಕೋಟೆ ಕಟ್ಟಿದ. ದೊಡ್ಡಪ್ಪನಿಗೆ ಜಿಗಿಯಲು ಜಾಗ ಆಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ದೊಡ್ಡಪ್ಪ ಸೋತ. ಮರುವಾರ ಬಚ್ಚಲ ಕೆಲಸ ಮುಗಿಯಿತು. ಇಟ್ಟಂಗಿ ಸ್ವಲ್ಪ ಉಳಿದವು. ಅವುಗಳಿಂದ ನೀರಿನ ಹಂಡೆಗೆ ಕಟ್ಟೆ ಮಾಡಿದರು.